ಬಸುರಿಯ ಟೊಂಕಕ್ಕೆ ಆಸರೆ

“ಒಂದ ಬೆರಳಲಿಂದ ತೋರ್ಸವ್ವ, ಎಲ್ಲಿ ನೋವಾಗ್ಲಕತ್ತದ?”

ಟೊಂಕ ಹಿಡಿದಿದೆ ಎಂದು ಬಂದ ಬಸುರಿಯನ್ನು ಪಳಗಿದ ನರ್ಸಮ್ಮ ಮೊದಲು ಕೇಳುವುದು ಇದನ್ನೇ. ಅಂಗೈ ಇಟ್ಟು ತೋರಿಸಿದರೆ ಬೆನ್ನೆಲ್ಲ ನೋವೇ. ಒಂದೇ ಬೆರಳಿಡಬೇಕೆಂದಾಗ ಹೆಣ್ಣುಮಗಳು ಕ್ಷಣ ತಡೆದು, ತನ್ನ ಮೈಯಲ್ಲಿ ನೋವಿನ ಜಾಗ ಹುಡುಕುತ್ತಾಳೆ. ಆ ಬೆರಳು ನಡುಬೆನ್ನಿನ ಕೆಳಗೆ, ಸೀರೆ ಕಟ್ಟುವ ಮಟ್ಟದಲ್ಲಿ ಬೆನ್ನೆಲುಬಿನ ಮೇಲೆ ನಿಂತರೆ ಅದು ಒಂದು ಬಗೆಯ ನೋವು. ಇನ್ನೂ ಕೆಳಗಿಳಿದು, ಕುಂಡಿಯ ಮೇಲ್ಭಾಗದಲ್ಲಿ ಸಣ್ಣ ಕುಳಿ ಬೀಳುವ ಕಡೆ, ಅದೂ ಒಂದೇ ಮಗ್ಗುಲಿಗೆ ಹೋದರೆ ಇನ್ನೊಂದು ಬಗೆ. ಮೊದಲನೆಯದು ಬೆನ್ನಿನ ಸ್ನಾಯುಗಳ ದಣಿವು. ಎರಡನೆಯದು ಸೊಂಟದ ಎಲುಬುಗಳು ಕೂಡುವ ಕೀಲಿನ ನೋವು. ಇವೆರಡರ ಆರೈಕೆ ಬೇರೆ ಬೇರೆ. ಒಂದಕ್ಕೆ ಹಿತವಾದದ್ದು ಇನ್ನೊಂದನ್ನು ಕೆಣಕಲೂಬಹುದು.

ಬಸುರಿಯ ಟೊಂಕನೋವು ಇಳಿಸುವುದನ್ನು ನಾನು ಒಂದು ಕಸುಬೆಂದೇ ಎಣಿಸುತ್ತೇನೆ. ಯಾದಗಿರಿ, ಶಹಾಪುರ, ಸುರಪುರದ ಸೀಮೆಯಲ್ಲಿ ಅದನ್ನು ಬಲ್ಲವರು ಉಪಕೇಂದ್ರದ ನರ್ಸಮ್ಮನಾಗಿರಬಹುದು, ಓಣಿಯ ಆಶಾ ಕಾರ್ಯಕರ್ತೆ ಆಗಿರಬಹುದು, ವಯಸ್ಸಾದ ಸೂಲಗಿತ್ತಿಯೋ ಪಟ್ಟಣದ ಫಿಸಿಯೋಥೆರಪಿಸ್ಟೋ ಆಗಿರಬಹುದು. ಅವರ ಕೈಗೆ ಸಿಗುವ ಮೊದಲೇ ಬಸುರಿಗೆ ಮನೆಯಲ್ಲಿ ಒಂದು ಉತ್ತರ ಸಿಕ್ಕಿರುತ್ತದೆ: “ಬಸರಾದ ಮ್ಯಾಲ ಟೊಂಕ ನೋಯ್ತದ, ಅದೇನ್ ಹೊಸ್ದು?” ಅರ್ಧಕ್ಕೂ ಹೆಚ್ಚು ಬಸುರಿಯರಿಗೆ ಈ ನೋವು ಬರುವುದು ನಿಜವೇ. ಬಹಳ ಜನರಿಗೆ ಬರುವಂಥದ್ದು ಎಂದ ಮಾತ್ರಕ್ಕೆ ತಿಂಗಳುಗಟ್ಟಲೆ ನಿದ್ದೆಗೆಟ್ಟು ಅನುಭವಿಸಬೇಕೆಂದೇನೂ ಇಲ್ಲ. ಹೆಚ್ಚಿನವರಿಗೆ ಇದನ್ನು ತಗ್ಗಿಸಲು ಬರುತ್ತದೆ, ಅದಕ್ಕೆ ಬೇಕಾದ ಸಾಮಾನು ಬಹುಪಾಲು ಮನೆಯಲ್ಲೇ ಇರುತ್ತದೆ.

ನೋವಿನ ಬೇರು ಮನುಷ್ಯರು ಎರಡು ಕಾಲ ಮೇಲೆ ನಿಂತ ಕಾಲದಷ್ಟು ಹಳೆಯದು. ಹೊಟ್ಟೆ ಮುಂದೆ ಬೆಳೆದಂತೆ ಮೈಯ ಭಾರವೂ ಮುಂದಕ್ಕೆ ಸರಿಯುತ್ತದೆ. ಮುಗ್ಗರಿಸದಿರಲು ಹೆಣ್ಣುಮಗಳು ಭುಜ ಹಿಂದೆ ಹಾಕಿ, ಸೊಂಟದ ಹತ್ತಿರ ಬೆನ್ನನ್ನು ಒಳಕ್ಕೆ ಬಾಗಿಸಿ ನಡೆಯುತ್ತಾಳೆ. 2007ರಲ್ಲಿ ಕ್ಯಾಥರೀನ್ ವಿಟ್‌ಕಮ್, ಲಿಜಾ ಶಪೀರೊ, ಡೇನಿಯಲ್ ಲೀಬರ್‌ಮನ್ ಎಂಬ ಸಂಶೋಧಕರು ‘ನೇಚರ್’ ಪತ್ರಿಕೆಯಲ್ಲಿ ಒಂದು ಸಂಗತಿ ಬರೆದರು. ಟೊಂಕದ ಈ ಬಾಗು ಗಂಡಸರಲ್ಲಿ ಬೆನ್ನೆಲುಬಿನ ಎರಡು ಮಣಿಗಳ ಮೇಲೆ ಬಿದ್ದರೆ ಹೆಂಗಸರಲ್ಲಿ ಮೂರು ಮಣಿಗಳಿಗೆ ಹಂಚಿಹೋಗಿರುತ್ತದೆ. ಲಕ್ಷಾಂತರ ವರ್ಷ ಹಿಂದಿನ ನಮ್ಮ ಪೂರ್ವಜರ ಪಳೆಯುಳಿಕೆಗಳಲ್ಲೂ ಈ ವ್ಯತ್ಯಾಸ ಕಾಣುತ್ತದೆ. ಬಸುರಿನ ಭಾರ ಹೊರಲೆಂದೇ ಹೆಣ್ಣಿನ ಬೆನ್ನು ಹೀಗೆ ರೂಪುಗೊಂಡಿದೆ. ಜೊತೆಗೆ ಬಸುರಿನ ಹಾರ್ಮೋನುಗಳು ಎಲುಬು ಕೂಡಿಸುವ ಕಟ್ಟುಗಳನ್ನು ಸ್ವಲ್ಪ ಸಡಿಲ ಮಾಡುತ್ತವೆ. ಹೊಟ್ಟೆಯ ಮುಂದಿನ ಸ್ನಾಯು ಹಿಗ್ಗಿ ಸೋಲುತ್ತದೆ, ಹಿಂದಿನ ಸ್ನಾಯು ಹೆಚ್ಚು ದುಡಿಯಬೇಕಾಗುತ್ತದೆ. ಬೆನ್ನಿಗೆ ಇಷ್ಟನ್ನು ತಾಳುವ ಶಕ್ತಿ ಇದೆ. ಇದರ ಮೇಲೆ ಹೊಲದ ಕೆಲಸ ಬಿದ್ದಾಗ ಅದು ಸೋಲುತ್ತದೆ.

ಈ ಸೀಮೆಯಲ್ಲಿ ಹೊಲದ ಕೆಲಸ ಎಂದರೆ ಬಾಗುವುದು. 2009ರ ಡಿಸೆಂಬರ್ 30ರಂದು ಗುಲಬರ್ಗಾದಿಂದ ಬೇರೆಯಾಗಿ ಜಿಲ್ಲೆಯಾದಾಗ ಯಾದಗಿರಿಗೆ ಇದ್ದದ್ದು ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರೇ ತಾಲ್ಲೂಕು. ಕೃಷ್ಣೆಗೆ ನಾರಾಯಣಪುರದಲ್ಲಿ ಬಸವಸಾಗರ ಕಟ್ಟಿ ಎಡದಂಡೆ ಕಾಲುವೆ ಹರಿಸಿದ ಮೇಲೆ ಸುರಪುರ, ಶಹಾಪುರದ ಕಡೆ ಭತ್ತ, ಹತ್ತಿ, ಮೆಣಸಿನಕಾಯಿ ಬಂದವು. ಯಾದಗಿರಿ ಸುತ್ತ ತೊಗರಿ, ಹೆಸರು, ಜೋಳ ಇವೆ. ಭತ್ತದ ನಾಟಿ, ಕಳೆ, ಹತ್ತಿ ಬಿಡಿಸುವುದು, ಮೆಣಸಿನಕಾಯಿ ಹರಿಯುವುದು ಬಹುಪಾಲು ಹೆಣ್ಣುಮಕ್ಕಳ ಕೈಯಲ್ಲೇ ನಡೆಯುತ್ತದೆ. ಕೆಲಸವಿಲ್ಲದ ತಿಂಗಳಲ್ಲಿ ಗುಳೆ ಹೊರಟು ಪುಣೆ, ಮುಂಬೈ, ಬೆಂಗಳೂರಿನ ಕಟ್ಟಡಗಳಲ್ಲಿ ತಲೆ ಮೇಲೆ ಬುಟ್ಟಿ ಹೊರುವವರಲ್ಲೂ ಬಸುರಿಯರಿರುತ್ತಾರೆ. ಹಾಗಾಗಿ ಇಲ್ಲಿ ಟೊಂಕನೋವು ನೋಡುವವರಿಗೆ ಬೆನ್ನೆಲುಬಿನ ಜೊತೆ ಬೆಳೆಯ ಕಾಲವೂ ಗೊತ್ತಿರಬೇಕು.

ಹತ್ತಿಯ ವಿಷಯವನ್ನೇ ನೋಡಿ. ಬಿಡಿಸಿದ ಹತ್ತಿಯನ್ನು ಮುಂದೆ ಕಟ್ಟಿಕೊಂಡ ಉಡಿಗೆ ತುಂಬುವುದು ರೂಢಿ. ಕೂಲಿ ಕಿಲೋ ಲೆಕ್ಕದಲ್ಲಿದ್ದರೆ ಉಡಿ ತುಂಬಿ ಜಗ್ಗುವವರೆಗೆ ಯಾರೂ ಬದುವಿಗೆ ಹೋಗುವುದಿಲ್ಲ. ಮೊದಲೇ ಮುಂದಕ್ಕೆ ಜಗ್ಗುವ ಹೊಟ್ಟೆಯ ಕೆಳಗೆ ಇನ್ನೊಂದು ಹೊಟ್ಟೆ ಕಟ್ಟಿದಂತಾಗುತ್ತದೆ. ಕಸುಬು ಬಲ್ಲ ಆಶಾ ಇಲ್ಲಿ “ಕೆಲಸ ಬಿಡು” ಎನ್ನುವುದಿಲ್ಲ, ಬಿಟ್ಟರೆ ಸಂಜೆಗೆ ಕೂಲಿ ಇಲ್ಲವೆಂದು ಅವಳಿಗೆ ಗೊತ್ತು. ಉಡಿ ಅರ್ಧಕ್ಕೇ ಬರಿದು ಮಾಡು, ಚೀಲವನ್ನು ಸಾಲಿನ ನಡುವೆಯೇ ಇಟ್ಟುಕೋ, ಕೆಳಗಿನ ಕಾಯಿಗೆ ಟೊಂಕ ಬಗ್ಗಿಸಬೇಡ, ಒಂದು ಮಂಡಿ ನೆಲಕ್ಕೂರು ಎನ್ನುತ್ತಾಳೆ. ನಾಟಿಗೆ ಮಾತ್ರ ಹೀಗೆ ಅಡ್ಡದಾರಿ ಇಲ್ಲ. ಕೆಸರಿನಲ್ಲಿ ಮಂಡಿ ಊರಲಾಗದು, ಕುಳಿತು ಹಚ್ಚಲಾಗದು, ಜಾರಿ ಬೀಳುವ ಭಯ ಬೇರೆ. ಹೊಟ್ಟೆ ಬೆಳೆದ ಮೇಲೆ ನಾಟಿ ಬೇಡವೆಂದು ಅತ್ತೆ ಗಂಡಂದಿರ ಎದುರು ಕುಳಿತು ಹೇಳುವುದೂ ಈ ಕಸುಬಿನ ಭಾಗವೇ.

ಮನೆಯೊಳಗೆ ಬಂದರೆ ರೊಟ್ಟಿ. ದಿನಕ್ಕೆ ಎರಡು ಹೊತ್ತು ಜೋಳದ ರೊಟ್ಟಿ ಬಡಿಯುವ ಬಸುರಿಯನ್ನು ಪಕ್ಕದಿಂದ ನೋಡಬೇಕು. ಒಂದು ಮಂಡಿ ಎತ್ತಿ, ಇನ್ನೊಂದನ್ನು ಮಡಚಿ ನೆಲಕ್ಕೆ ಕೂತಿರುತ್ತಾಳೆ. ಏಳನೆಯ ತಿಂಗಳಿಗೆ ಹೊಟ್ಟೆ ಅಡ್ಡ ಬಂದು ಹಿಟ್ಟು ದೂರ ಸರಿದಿರುತ್ತದೆ. ಕೈ ಚಾಚಿ, ಬೆನ್ನು ಗೂನು ಮಾಡಿ, ಪ್ರತಿ ಬಡಿತಕ್ಕೂ ಟೊಂಕದಿಂದ ಬಲ ತೆಗೆಯುತ್ತಾಳೆ. ಒಂದೊಂದು ರೊಟ್ಟಿ ತಿರುವಲು ಒಲೆಯ ಕಡೆ ಸೊಂಟ ತಿರುಚುತ್ತಾಳೆ. ಮನೆಮಂದಿಯ ಲೆಕ್ಕಕ್ಕೆ ಎಷ್ಟು ರೊಟ್ಟಿಯೋ ಅಷ್ಟು ಸಲ. ಇದನ್ನು ನೋಡಿದವರಿಗೆ ಸಂಜೆಯ ನೋವಿಗೆ ಬೇರೆ ಕಾರಣ ಹುಡುಕಬೇಕಾಗುವುದಿಲ್ಲ. ಪರಿಹಾರವೂ ಅಲ್ಲೇ ಇದೆ. ಅಡುಗೆಮನೆಯಲ್ಲಿ ಶಹಾಬಾದ್ ಕಲ್ಲಿನ ಕಟ್ಟೆ ಇದ್ದರೆ ರೊಟ್ಟಿಯ ಕೆಲಸವನ್ನು ಅದರ ಮೇಲಕ್ಕೆ ಒಯ್ಯಬೇಕು. ನಿಂತವಳ ಕಾಲ ಬಳಿ ಒಂದು ಇಟ್ಟಂಗಿ ಇಟ್ಟು, ಒಂದೊಂದು ಪಾದವನ್ನು ಸರದಿಯಂತೆ ಅದರ ಮೇಲಿಟ್ಟುಕೊಂಡರೆ ಟೊಂಕದ ಒಳಬಾಗು ಸಡಿಲುತ್ತದೆ. ಕಟ್ಟೆ ಇಲ್ಲದಿದ್ದರೆ ಕುಂಡಿಯ ಕೆಳಗೆ ಎತ್ತರದ ಮಣೆ ಹಾಕಿ, ಮಂಡಿಗಿಂತ ಸೊಂಟ ಮೇಲೆ ಇರುವಂತೆ ಕೂಡಬೇಕು. ಒಲೆ ಮಗ್ಗುಲಿಗಿರದೆ ಎದುರಿಗೇ ಬಂದರೆ ತಿರುಚುವುದು ತಪ್ಪುತ್ತದೆ. ನೀರಿನ ಕೊಡ ಒಂದೇ ನಡದ ಮೇಲೆ ಬೇಡ, ಎರಡು ಕೈಗೆ ಎರಡು ಸಣ್ಣ ಪಾತ್ರೆ ಆಗಬಹುದು. ಬೇರೆ ಯಾರಾದರೂ ತಂದರೆ ಇನ್ನೂ ಒಳ್ಳೆಯದು. ಮೊದಲ ಮಗು ಬಗಲಿಗೇರಲು ಹಟ ಮಾಡಿದರೆ ಬಾಗಿ ಎತ್ತದೆ, ತಾನೇ ಕೂತು ಮಗುವನ್ನು ತೊಡೆಗೆ ಹತ್ತಿಸಿಕೊಳ್ಳಬೇಕು.

ಕೀಲಿನ ನೋವಿನ ಕಥೆ ಬೇರೆ. ಅದು ಕೆಲಸದಲ್ಲಿ ಮಾತ್ರ ಕಾಡುವುದಿಲ್ಲ. ರಾತ್ರಿ ಮಗ್ಗುಲು ಬದಲಿಸುವಾಗ, ಮೆಟ್ಟಿಲು ಹತ್ತುವಾಗ, ಲಂಗ ಹಾಕಿಕೊಳ್ಳಲು ಒಂದು ಕಾಲ ಮೇಲೆ ನಿಂತಾಗ ಚುಚ್ಚುತ್ತದೆ. ಕೆಲವರಿಗೆ ಮುಂದೆ, ಹೊಟ್ಟೆಯ ಅಡಿಯ ಎಲುಬಿನ ಕೂಡಿಗೂ ಬರುತ್ತದೆ. ಇದನ್ನು ಪತ್ತೆ ಮಾಡುವ ಒಂದು ಪರೀಕ್ಷೆ ನನಗೆ ಈ ಕಸುಬಿನಲ್ಲೇ ಅತ್ಯಂತ ಚೆಲುವಾದದ್ದೆನಿಸುತ್ತದೆ. ನೆದರ್ಲೆಂಡ್ಸ್‌ನ ವೈದ್ಯರು ಇದನ್ನು ಒರೆಗೆ ಹಚ್ಚಿ ಬರೆದಿಟ್ಟಿದ್ದಾರೆ. ಬಸುರಿಯನ್ನು ಅಂಗಾತ ಮಲಗಿಸಿ, ಮಂಡಿ ಬಗ್ಗಿಸದೆ ಒಂದು ಕಾಲನ್ನು ಗೇಣುದ್ದ ಎತ್ತಲು ಹೇಳುತ್ತಾರೆ. ಕೀಲು ಸಡಿಲಾಗಿದ್ದರೆ ಕಾಲು ಸೀಸದಷ್ಟು ಭಾರ ಎನ್ನುತ್ತಾಳೆ, ಎತ್ತಲು ತಿಣುಕುತ್ತಾಳೆ. ಆಗ ನೋಡುವವರು ತಮ್ಮ ಎರಡೂ ಅಂಗೈಯನ್ನು ಅವಳ ಸೊಂಟದ ಎಡಬಲಕ್ಕೆ ಇಟ್ಟು, ಒಳಮುಖವಾಗಿ ಹದವಾಗಿ ಒತ್ತಿ ಹಿಡಿಯುತ್ತಾರೆ. “ಈಗ ಎತ್ತವ್ವ.” ಅದೇ ಕಾಲು ಹಗುರವಾಗಿ ಮೇಲೇಳುತ್ತದೆ. ಇಷ್ಟರಲ್ಲಿ ರೋಗವೂ ಗೊತ್ತಾಯಿತು, ಮದ್ದೂ ಗೊತ್ತಾಯಿತು: ಆ ಕೈಗಳು ಮಾಡಿದ ಕೆಲಸವನ್ನು ಇಡೀ ದಿನ ಮಾಡುವ ಒಂದು ಕಟ್ಟು ಬೇಕು. ದೊಡ್ಡ ಹೊಟ್ಟೆಯವಳನ್ನು ಬಹಳ ಹೊತ್ತು ಅಂಗಾತ ಮಲಗಿಸುವಂತಿಲ್ಲ, ಒಳಗಿನ ದೊಡ್ಡ ರಕ್ತನಾಳ ಒತ್ತಿ ತಲೆ ತಿರುಗುತ್ತದೆ. ಆದ್ದರಿಂದ ಪರೀಕ್ಷೆ ಚಟ್ಟನೆ ಮುಗಿಯಬೇಕು.

ಕಟ್ಟಿಗೆ ಅಂಗಡಿಯ ಬೆಲ್ಟೇ ಬೇಕೆಂದಿಲ್ಲ. ತೊಳೆದು ಮೆತ್ತಗಾದ ಹಳೆಯ ನೂಲಿನ ಸೀರೆ ಸಾಕು. ಉದ್ದಕ್ಕೆ ಮಡಚುತ್ತ ಮಡಚುತ್ತ ಅಂಗೈ ಅಗಲಕ್ಕೆ ತರುತ್ತಾರೆ. ಎಲ್ಲಿ ಕಟ್ಟಬೇಕೆಂಬುದರಲ್ಲೇ ಕೈಚಳಕವಿದೆ. ಹೊಟ್ಟೆಯ ಮೇಲಲ್ಲ, ನಡದ ಸುತ್ತಲೂ ಅಲ್ಲ. ಮುಂದೆ ಹೊಟ್ಟೆಯ ಅಡಿಯಲ್ಲಿ, ಮಗ್ಗುಲಲ್ಲಿ ತೊಡೆಯ ಎಲುಬು ಸೊಂಟಕ್ಕೆ ಸೇರುವ ಉಬ್ಬಿನ ಮಟ್ಟದಲ್ಲಿ, ಹಿಂದೆ ಕುಂಡಿಯ ಮೇಲ್ಭಾಗದಲ್ಲಿ ಹಾಯ್ದು ಬರಬೇಕು. ಕೀಲು ಸಡಿಲಾದ ಬಂಡಿಗೆ ಹಗ್ಗ ಬಿಗಿದಂತೆ ಅದು ಎಲುಬುಗಳನ್ನು ಒಟ್ಟಿಗೆ ಹಿಡಿಯುತ್ತದೆ. ಗಂಟು ಎಲುಬಿಗೆ ಒತ್ತದ ಕಡೆ ಬರಬೇಕು, ಬಟ್ಟೆಯೊಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಕಟ್ಟಿದ ಮೇಲೆ ಬಸುರಿಯನ್ನು ನಾಲ್ಕು ಹೆಜ್ಜೆ ನಡೆಸಿ ಕೇಳುತ್ತಾರೆ. ಹಗುರ ಎಂದರೆ ಇಟ್ಟುಕೊಳ್ಳುವುದು, ಇಲ್ಲವೆಂದರೆ ಬಿಚ್ಚಿ ಇನ್ನೆರಡು ಬೆರಳು ಕೆಳಗೆ ಕಟ್ಟಿ ನೋಡುವುದು. ಆಗಲೂ ಹಗುರವಾಗದಿದ್ದರೆ ಆ ನೋವಿಗೆ ಕಟ್ಟು ಒಗ್ಗದು. ಓಡಾಡುವಾಗ ಮಾತ್ರ ಇರಬೇಕು, ಮಲಗುವಾಗ ಬಿಚ್ಚಬೇಕು. ಮೆಕ್ಸಿಕೋದ ಸೂಲಗಿತ್ತಿಯರು ರೆಬೋಜೊ ಎಂಬ ಉದ್ದನೆಯ ನೇಯ್ದ ಶಾಲಿನಿಂದ ಬಸುರಿಯ ಸೊಂಟಕ್ಕೆ ಆಸರೆ ಕೊಡುತ್ತಾರೆ. ಬಟ್ಟೆಯನ್ನು ಔಷಧಿಯಾಗಿ ಬಳಸುವ ಈ ಜಾಣ್ಮೆ ಎಲ್ಲೆಲ್ಲೋ ತಾನಾಗಿ ಹುಟ್ಟಿದೆ.

ಕೀಲುನೋವಿನವರಿಗೆ ಇನ್ನೊಂದು ಮಾತು ಹೇಳುತ್ತಾರೆ: ಎರಡೂ ಮಂಡಿ ಜೊತೆಗಿರಲಿ. ಏಳುವಾಗ, ಹೊರಳುವಾಗ, ಆಟೋ ಹತ್ತಿ ಇಳಿಯುವಾಗ. ಲಂಗವನ್ನು ಕೂತು ಹಾಕಿಕೊಳ್ಳಬೇಕು, ಹೆಜ್ಜೆ ಸಣ್ಣದಿರಬೇಕು.

ರಾತ್ರಿಯ ಆರೈಕೆಗೆ ನಮ್ಮ ಕೌದಿಗಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ. ಹಗ್ಗ ಜೋತುಬಿದ್ದ ಹೊರಸು ಬಸುರಿಗೆ ಆಗದು, ಬೆನ್ನು ತೊಟ್ಟಿಲಿನಂತೆ ಬಾಗಿ ಬೆಳಗಿಗೆ ಎದ್ದೇಳಲು ಬರುವುದಿಲ್ಲ. ನೆಲದ ಮೇಲೆ ಎರಡು ಕೌದಿ ಹಾಸಿ, ಮೂರನೆಯದನ್ನು ಸುರುಳಿ ಸುತ್ತಿ ಮಂಡಿಗಳ ನಡುವೆ ಪಾದದವರೆಗೂ ಬರುವಂತೆ ಇಟ್ಟುಕೊಂಡು ಮಗ್ಗುಲಾಗಿ ಮಲಗಬೇಕು. ಹೊಟ್ಟೆಯ ಅಡಿಗೆ ಮಡಚಿದ ಟವೆಲ್ ಒಂದು. ಏಳು ತಿಂಗಳ ನಂತರ ಅಂಗಾತ ಮಲಗುವುದಕ್ಕಿಂತ ಮಗ್ಗುಲಾಗಿ ಮಲಗುವುದೇ ಕೂಸಿಗೂ ಕ್ಷೇಮ. ಏಳುವುದಕ್ಕೂ ಒಂದು ಕ್ರಮವಿದೆ. ಮಂಡಿ ಮಡಚಿ, ಭುಜ ಸೊಂಟ ಒಟ್ಟಿಗೆ ಹೊರಳಿ, ಮೊಣಕೈ ಊರಿ, ಕೈ ಒತ್ತಿ ಕೂತು, ಒಂದು ಮಂಡಿಯ ಮೇಲೆ ಬಂದು ನಿಲ್ಲುವುದು. ನೆಟ್ಟಗೆ ಎದ್ದು ಕೂಡುವ ಚಾಳಿ ಬಿಡಿಸಿದರೆ ಬೆಳಗಿನ ನೋವು ಎಷ್ಟೋ ಇಳಿಯುತ್ತದೆ.

ವ್ಯಾಯಾಮ ಎಂದರೆ ಇಲ್ಲಿ ಹಲವರು ನಗುತ್ತಾರೆ, ದಿನವಿಡೀ ದುಡಿಯುವವಳಿಗೆ ಇನ್ನೆಂಥ ವ್ಯಾಯಾಮ ಎಂದು. ದುಡಿಮೆ ಬೆನ್ನನ್ನು ಒಂದೇ ದಿಕ್ಕಿಗೆ, ಗಂಟೆಗಟ್ಟಲೆ ಎಳೆಯುತ್ತದೆ. ವ್ಯಾಯಾಮ ಅದೇ ಬೆನ್ನನ್ನು ಮರಳಿ ಹದಕ್ಕೆ ತರುತ್ತದೆ. ಕೂಲಿಯಿಂದ ಬಂದವಳಿಗೆ ಬೇಕಾದದ್ದು ಹತ್ತು ನಿಮಿಷ ಮಾತ್ರ. ಗೋಡೆಗೆ ಬೆನ್ನು ಕೊಟ್ಟು, ಹಿಮ್ಮಡಿ ಒಂದು ಹೆಜ್ಜೆ ಮುಂದಿಟ್ಟು, ಮಂಡಿ ಸ್ವಲ್ಪ ಸಡಿಲಿಸಿ ನಿಲ್ಲಬೇಕು. ಟೊಂಕ ಮತ್ತು ಗೋಡೆಯ ನಡುವೆ ಅಂಗೈ ಹೋಗುವಷ್ಟು ಸಂದಿ ಇರುತ್ತದೆ. ಉಸಿರು ಬಿಡುತ್ತ ಆ ಸಂದಿಯನ್ನು ಮುಚ್ಚುವಂತೆ ಟೊಂಕವನ್ನು ಗೋಡೆಗೆ ಒತ್ತಬೇಕು, ಐದು ಎಣಿಸಿ ಬಿಡಬೇಕು, ಹೀಗೆ ಹತ್ತು ಸಲ. ಇನ್ನೊಂದು, ಕೌದಿಯ ಮೇಲೆ ಅಂಗೈ ಮಂಡಿ ಊರಿ, ನೆಲ ಸಾರಿಸುವಾಗಿನ ಭಂಗಿಯಲ್ಲಿ ನಿಂತು, ಬೆನ್ನನ್ನು ಮೆಲ್ಲಗೆ ಮೇಲಕ್ಕೆ ಡೊಂಕಿಸಿ ಮತ್ತೆ ಸಮಕ್ಕೆ ತರುವುದು. ಹೊಟ್ಟೆಯ ಭಾರ ಬೆನ್ನಿನಿಂದ ಇಳಿದು ಮುಂದೆ ತೂಗುವ ಆ ಕ್ಷಣದಲ್ಲೇ ಎಷ್ಟೋ ಜನ “ಹಾ” ಎನ್ನುತ್ತಾರೆ. 2015ರಲ್ಲಿ ಕಾಕ್ರೇನ್ ಸಂಸ್ಥೆ 34 ಪ್ರಯೋಗಗಳ, 5,121 ಬಸುರಿಯರ ವಿವರ ಒಟ್ಟುಗೂಡಿಸಿ ನೋಡಿತು. ವ್ಯಾಯಾಮದಿಂದ ಟೊಂಕನೋವು ತಗ್ಗೀತು ಎಂಬುದಕ್ಕೆ ಆಧಾರ ಸಿಕ್ಕಿತು, ಅದು ಬಹಳ ಗಟ್ಟಿಯದಲ್ಲ ಎಂದೂ ಹೇಳಿತು. ವಿಶ್ವ ಆರೋಗ್ಯ ಸಂಸ್ಥೆ 2016ರ ಮಾರ್ಗಸೂಚಿಯಲ್ಲಿ ಬಸುರಿನುದ್ದಕ್ಕೂ ನಿಯಮಿತ ವ್ಯಾಯಾಮ ಬೇಕೆಂದಿತು, ಫಿಸಿಯೋಥೆರಪಿ, ಆಸರೆಯ ಬೆಲ್ಟುಗಳನ್ನೂ ಹೆಸರಿಸಿತು.

ಇನ್ನು ತಿಕ್ಕುವ ಕೈ. ಹಳೆಯ ಸೂಲಗಿತ್ತಿಯರ ಕೈಯ ಹದಕ್ಕೆ ನಾನು ಮನಸಾರೆ ಮಣಿಯುತ್ತೇನೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಇಂಥ ಎಷ್ಟೋ ಹೆಸರಿಲ್ಲದ ಕೈಗಳಿಗೆ ಗೌರವ ಸಂದಿತು. ಬಲ್ಲವಳು ಬಸುರಿಯನ್ನು ಮಗ್ಗುಲಿಗೆ ಮಲಗಿಸುತ್ತಾಳೆ. ಎಣ್ಣೆಯನ್ನು ಅಂಗೈಯಲ್ಲಿ ಬೆಚ್ಚಗಾಗುವಂತೆ ಉಜ್ಜಿಕೊಂಡು, ಬೆನ್ನೆಲುಬನ್ನು ಮುಟ್ಟದೆ ಅದರ ಎರಡೂ ಬದಿಗೆ, ಅಂಗೈಯ ಬುಡದಿಂದ ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಒತ್ತುತ್ತಾಳೆ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯ ಶಾಖ ಟೊಂಕಕ್ಕೆ ಮಾತ್ರ, ಹೊಟ್ಟೆಗಲ್ಲ. ಹೊಟ್ಟೆಯನ್ನು ತಿಕ್ಕಿ ಕೂಸು ತಿರುಗಿಸುವ ಹಳೆಯ ರೂಢಿಯನ್ನು ಮಾತ್ರ ಬಿಡಲೇಬೇಕು, ಅದರಲ್ಲಿ ಅಪಾಯವಿದೆ. ಒಂದೇ ಕಾಲು ಬಾತು, ಕೆಂಪಾಗಿ ನೋಯುತ್ತಿದ್ದರೆ ಆ ಕಾಲನ್ನೂ ತಿಕ್ಕಬಾರದು, ರಕ್ತ ಹೆಪ್ಪುಗಟ್ಟಿರಬಹುದು.

ಸೂಜಿಯ ವಿಷಯದಲ್ಲಿ ನನ್ನ ಮಾತು ಕಟುವಾಗಿಯೇ ಇದೆ. ಟೊಂಕ ಹಿಡಿದರೆ ಊರ ಡಾಕ್ಟರ ಹತ್ತಿರ ಒಂದು ಸೂಜಿ ಮಾಡಿಸಿಕೊಂಡು ಮರುದಿನ ಕೆಲಸಕ್ಕೆ ಹೋಗುವುದು ನಮ್ಮಲ್ಲಿ ನಡೆದುಬಂದಿದೆ. ಬಸುರಿಗೆ ಅದು ಸಲ್ಲದು. ಅಂಥ ಸೂಜಿಯಲ್ಲಿ ಹೆಚ್ಚಾಗಿ ಇರುವ ಡೈಕ್ಲೋಫೆನಾಕ್, ಗುಳಿಗೆಯ ಐಬುಪ್ರೊಫೆನ್ ಇವು ಐದನೆಯ ತಿಂಗಳ ನಂತರ ಕೂಸಿನ ಮೂತ್ರಪಿಂಡಕ್ಕೆ ತೊಂದರೆ ಕೊಟ್ಟು ಗರ್ಭದ ನೀರು ಕಡಿಮೆ ಮಾಡಬಲ್ಲವು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಈ ಬಗ್ಗೆ ಎಚ್ಚರಿಸಿದೆ. ಕೊನೆಯ ತಿಂಗಳುಗಳಲ್ಲಿ ಕೂಸಿನ ಹೃದಯದ ಹತ್ತಿರದ ರಕ್ತನಾಳಕ್ಕೂ ಕುತ್ತು. ಹಚ್ಚುವ ಕೆಲವು ಮುಲಾಮುಗಳಲ್ಲೂ ಡೈಕ್ಲೋಫೆನಾಕ್ ಇರುತ್ತದೆ. ತಾಳಲಾರದ ನೋವಿಗೆ ಪ್ಯಾರಾಸಿಟಮಾಲ್ ಉಂಟು, ಅದನ್ನೂ ವೈದ್ಯರು ಹೇಳಿದಷ್ಟೇ.

ಎಲ್ಲ ಟೊಂಕನೋವೂ ಟೊಂಕದ್ದಲ್ಲ. ಈ ಕಸುಬಿನ ನಿಜವಾದ ಪರೀಕ್ಷೆ ಇಲ್ಲಿದೆ. ದಿನ ತುಂಬುವ ಮೊದಲೇ ನೋವು ಅಲೆಅಲೆಯಾಗಿ ಬಂದು ಹೋಗುತ್ತ, ಆಗ ಹೊಟ್ಟೆ ಕಲ್ಲಾಗುತ್ತಿದ್ದರೆ ಅದು ಹೆರಿಗೆಯ ಬ್ಯಾನಿ ಇರಬಹುದು. ಚಳಿಜ್ವರದ ಜೊತೆ ಒಂದು ಬದಿಯ ಬೆನ್ನುನೋವು, ಉರಿಮೂತ್ರ ಇದ್ದರೆ ಮೂತ್ರಪಿಂಡದ ಸೋಂಕು. ಬಿಸಿಲಲ್ಲಿ ದುಡಿದು ನೀರು ಕಡಿಮೆ ಕುಡಿಯುವ ನಮ್ಮ ಕಡೆ ಇದನ್ನು ಮರೆಯುವಂತಿಲ್ಲ. ರಕ್ತ ಕಂಡರೆ, ನೀರು ಹೋದರೆ, ಕೂಸಿನ ಚಲನೆ ಕಡಿಮೆಯಾದರೆ, ಕಾಲು ಜೋಮು ಹಿಡಿದು ಬಲ ಕಳೆದುಕೊಂಡರೆ, ಮೂತ್ರದ ಮೇಲೆ ಹಿಡಿತ ತಪ್ಪಿದರೆ ಕೌದಿ ಕಟ್ಟು ಎಲ್ಲ ಬದಿಗಿಟ್ಟು 108ಕ್ಕೆ ಫೋನ್ ಮಾಡಬೇಕು. ಗಾಡಿ ಬರುವವರೆಗೆ ಮಗ್ಗುಲಾಗಿ ಮಲಗಿಸಬೇಕು.

ಕಲಿಸಲು ಜಾಗವೂ ಇದೆ, ದಿನವೂ ಇದೆ. 2016ರಿಂದ ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ವಿಶೇಷ ತಪಾಸಣೆ ನಡೆಯುತ್ತದೆ. 2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣ ಯೋಜನೆಯ ಬಿಸಿಯೂಟ ಬಸುರಿಯರನ್ನು ಅಂಗನವಾಡಿಗೆ ಕರೆತಂದಿತು. ಊಟದ ಮೊದಲು ಐದು ಜನ ಗೋಡೆಗೆ ಬೆನ್ನು ಕೊಟ್ಟು ನಿಂತರೆ ಅಲ್ಲೇ ಪಾಠ ಆಗುತ್ತದೆ, ಒಬ್ಬಳು ಮರೆತದ್ದನ್ನು ಇನ್ನೊಬ್ಬಳು ತಿದ್ದುತ್ತಾಳೆ. ತಪಾಸಣೆಗೆ ಬಸ್ಸಿನಲ್ಲಿ ಬರುವವರು ಹಿಂದಿನ ಸೀಟು ಬಿಟ್ಟು ನಡುವೆ ಕೂಡಲಿ, ಟೊಂಕದ ಹಿಂದೆ ಸುತ್ತಿದ ಟವೆಲ್ ಇರಲಿ.

ಹೆರಿಗೆಯ ನಂತರ ಹೆಚ್ಚಿನವರಿಗೆ ನೋವು ಕೆಲವು ವಾರಗಳಲ್ಲಿ, ತಿಂಗಳುಗಳಲ್ಲಿ ತಾನಾಗಿ ಇಳಿಯುತ್ತದೆ. ಆದರೆ ಬಾಣಂತಿಯನ್ನು ಮತ್ತೆ ಅದೇ ಜೋತ ಹೊರಸಿನ ಮೇಲೆ ಕೂಡಿಸಿ, ಕೂಸಿನ ಬಾಯಿಗೆ ಬಾಗಿ ಬಾಗಿ ಮೊಲೆ ಕೊಡುವಂತಾದರೆ ಟೊಂಕ ಮತ್ತೆ ಹಿಡಿಯುತ್ತದೆ. ಬೆನ್ನಿಗೆ ಗೋಡೆ, ತೊಡೆಯ ಮೇಲೆ ಮಡಚಿದ ಕೌದಿ, ಅದರ ಮೇಲೆ ಕೂಸು. ಕೂಸನ್ನು ಮೊಲೆಯ ಎತ್ತರಕ್ಕೆ ತರಬೇಕು, ತಾಯಿ ಬಾಗಬಾರದು. ಮೂರು ತಿಂಗಳು ಕಳೆದರೂ ಮಗ್ಗುಲು ಬದಲಿಸುವಾಗ ಮೊದಲಿನಂತೆಯೇ ಚುಚ್ಚುತ್ತಿದ್ದರೆ ಚುಚ್ಚುಮದ್ದಿಗೆಂದು ಕೂಸನ್ನು ಕರೆತಂದ ದಿನವೇ ನರ್ಸಮ್ಮನಿಗೆ ಹೇಳಬೇಕು. ಕಾಲೆತ್ತುವ ಆ ಪರೀಕ್ಷೆ ಬಾಣಂತಿಗೂ ನಡೆಯುತ್ತದೆ, ಕಟ್ಟು ಅವಳಿಗೂ ಕಟ್ಟಬಹುದು.